ಕಬ್ಬಿನ ಬಿಲ್ಲು ಬಂದ ದಿನವೇ ಗೊಬ್ಬರ

ಮುಧೋಳ, ಜಮಖಂಡಿ ಕಡೆ ಕಬ್ಬಿನ ಬಿಲ್ಲು, ಅಂದರೆ ಕಾರ್ಖಾನೆ ಕೊಡುವ ಕಬ್ಬಿನ ದುಡ್ಡು, ದೊಡ್ಡ ಗಂಟಾಗಿ ಖಾತೆಗೆ ಬೀಳುತ್ತದೆ. ಕುಳೆ ಕಬ್ಬಿಗೆ (ಕಡಿದ ಬುಡದಿಂದ ಮತ್ತೆ ಚಿಗುರಿದ ಬೆಳೆಗೆ) ಬೋದು ಏರಿಸುವ, ಅಂದರೆ ಬುಡಕ್ಕೆ ಮಣ್ಣು ಏರಿಸುವ ಹೊತ್ತಿಗೆ ಗೊಬ್ಬರಕ್ಕೆ ದುಡ್ಡಿರುವುದಿಲ್ಲ. ರೈತನ ದುಂದುಗಾರಿಕೆ ಎಂದು ಬೈಯುವವರನ್ನು ಕಂಡರೆ ನನಗೆ ಬೇಸರ. ಲೆಕ್ಕ ಬೇರೆಯೇ ಇದೆ.

ಇವತ್ತಿನ ದುಡ್ಡಿಗೆ ಮನಸ್ಸು ಪೂರ್ತಿ ಬೆಲೆ ಕೊಡುತ್ತದೆ, ಮುಂದಿನದ್ದನ್ನು 0.7ರಿಂದ ಗುಣಿಸುತ್ತದೆ ಎಂದುಕೊಳ್ಳಿ. ಮುಂದಿನ ವಾರದ 1,100 ರೂಪಾಯಿ 770 ಆಗಿ ಕಾಣುತ್ತದೆ. ಇವತ್ತಿನ 1,000 ಗೆಲ್ಲುತ್ತದೆ. ಇದೇ ಆಯ್ಕೆಯನ್ನು ಎರಡು ತಿಂಗಳು ಮುಂದಕ್ಕೆ ಹಾಕಿದರೆ ಎರಡೂ ಮುಂದಿನ ದುಡ್ಡೇ, 700 ಮತ್ತು 770, ಆಗ ಕಾಯುವುದೇ ಲೇಸು ಅನಿಸುತ್ತದೆ. ಅರ್ಥಶಾಸ್ತ್ರಜ್ಞ ಡೇವಿಡ್ ಲೈಬ್ಸನ್ 1997ರಲ್ಲಿ ಬೆಳೆಸಿದ ಮಾದರಿಯ ತಿರುಳು ಇದು. ಅದಕ್ಕೇ ಗೊಬ್ಬರದ ದುಡ್ಡಿನ ತೀರ್ಮಾನ ಬಿಲ್ಲು ಬರುವ ಮುಂಚೆಯೇ ಆಗಿರಬೇಕು.

ಕೀನ್ಯಾದ ರೈತರ ನಡುವೆ ಅರ್ಥಶಾಸ್ತ್ರಜ್ಞರಾದ ಡುಫ್ಲೊ, ಕ್ರೀಮರ್, ರಾಬಿನ್ಸನ್ ಮಾಡಿದ ಪ್ರಯೋಗ (ಪ್ರಕಟವಾದದ್ದು 2011) ನನಗೆ ಬಹಳ ಹಿಡಿಸಿದ್ದು. ಸುಗ್ಗಿ ಮುಗಿದ ಕೂಡಲೇ ಗೊಬ್ಬರ ಕೊಂಡವರಿಗೆ ಮನೆಗೆ ಪುಕ್ಕಟೆ ತಲುಪಿಸಿದರು, ಅಷ್ಟೇ. ಗೊಬ್ಬರ ಬಳಸುವವರು ಹೆಚ್ಚಾದರು.

ನಮ್ಮಲ್ಲೂ ಬಿಲ್ಲಿನ ದಿನವೇ ಡಿಎಪಿ ಗೊಬ್ಬರದ ಚೀಲ ತಂದು ಗೋಡೆಗೆ ತಾಗದಂತೆ ಹಲಗೆ ಮೇಲೆ ಒಟ್ಟಿ. ಯೂರಿಯಾ ಈಗಲೇ ಬೇಡ, ತೇವ ಹೀರಿ ಹೆಂಟೆಗಟ್ಟುತ್ತದೆ. ಅದರ ದುಡ್ಡನ್ನು ಸೊಸೈಟಿಯಲ್ಲಿ ಠೇವಣಿ ಇಡಿ. ಅವಧಿ ಗೊಬ್ಬರ ಹಾಕುವ ವಾರಕ್ಕೇ ಮುಗಿಯಲಿ. ಎಲ್ಲವನ್ನೂ ಮಾತ್ರ ಕಟ್ಟಿಹಾಕಬೇಡಿ. ನಡುವೆ ಆಸ್ಪತ್ರೆ ಖರ್ಚು ಬಂದರೆ ಖಾಸಗಿ ಸಾಲದ ಬಡ್ಡಿ ಠೇವಣಿಯ ಬಡ್ಡಿಯನ್ನೂ ನುಂಗುತ್ತದೆ.