ವಿಟ್‌ಲಾಕ್ ದನಿ ಇಲ್ಲದ ‘ಲೈಲಾ’ ನನಗೆ ಬೇಡ

9 ನವೆಂಬರ್ 2025, ಭಾನುವಾರ

ಡೆರೆಕ್ ಅಂಡ್ ದ ಡಾಮಿನೋಸ್ ಅನ್ನೋ ರಾಕ್ ತಂಡದ ಆಲ್ಬಮ್ ‘ಲೈಲಾ ಅಂಡ್ ಅದರ್ ಅಸಾರ್ಟೆಡ್ ಲವ್ ಸಾಂಗ್ಸ್’ ಬಂದು ಈ ತಿಂಗಳಿಗೆ 55 ವರ್ಷ. ಆಗಸ್ಟ್‌ನಲ್ಲಿ ಆ ತಂಡದ ಗಾಯಕ, ಕೀಬೋರ್ಡ್ ವಾದಕ ಬಾಬಿ ವಿಟ್‌ಲಾಕ್ ತೀರಿಕೊಂಡ ಸುದ್ದಿ ಓದಿದಾಗಲೇ ಇದರ ಬಗ್ಗೆ ಬರೀಬೇಕು ಅಂದುಕೊಂಡಿದ್ದೆ. ಇವತ್ತು ಊಟ ಮುಗಿಸಿ, ಫೋನ್ ಒಳಗಿಟ್ಟು, 14 ಹಾಡುಗಳನ್ನೂ ಒಂದೇ ಸಲಕ್ಕೆ ಕೇಳಿದೆ.

ಈ ಆಲ್ಬಮ್ ಅಂದರೆ ಎಲ್ಲರ ಬಾಯಲ್ಲೂ ಬರೋದು ಎರಡೇ ವಿಷಯ. ತಂಡದ ಗಿಟಾರಿಸ್ಟ್ ಎರಿಕ್ ಕ್ಲಾಪ್ಟನ್ ತನ್ನ ಗೆಳೆಯ, ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್‌ನ ಹೆಂಡತಿ ಪ್ಯಾಟಿ ಬಾಯ್ಡ್ ಮೇಲೆ ಪ್ರಾಣ ಇಟ್ಟುಕೊಂಡು ಒದ್ದಾಡಿದ್ದು. ಆಲ್ಮನ್ ಬ್ರದರ್ಸ್ ತಂಡದ ಡ್ಯುವೇನ್ ಆಲ್ಮನ್ ಬಂದು ಸ್ಲೈಡ್ ಗಿಟಾರ್ (ತಂತಿ ಮೇಲೆ ಗಾಜಿನ ಕೊಳವೆಯಂಥದ್ದನ್ನು ಜಾರಿಸಿ ನುಡಿಸುವ ರೀತಿ) ನುಡಿಸಿದ್ದು. ಎರಡೂ ನಿಜವೇ. ಆದರೆ ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಮೊದಲು ಒಂದು ಹೊಸ ತಂಡದ ಆಲ್ಬಮ್. ಆ ತಂಡದ ಜೀವ ವಿಟ್‌ಲಾಕ್.

ಕ್ಲಾಪ್ಟನ್ ಇದ್ದ ತಂಡಗಳಲ್ಲಿ ಕ್ರೀಮ್ ಒಡೆಯಿತು, ಬ್ಲೈಂಡ್ ಫೇತ್ ಒಂದೇ ಆಲ್ಬಮ್‌ಗೆ ಮುಗಿಯಿತು. ತನ್ನ ಹೆಸರಿನ ಭಾರವೇ ಅವನಿಗೆ ಸಾಕಾಗಿಹೋಗಿತ್ತು. ಡೆಲನಿ ಅಂಡ್ ಬಾನಿ ತಂಡದ ಜೊತೆ ಸುಮ್ನೆ ಒಬ್ಬ ಗಿಟಾರಿಸ್ಟ್ ಆಗಿ ಊರೂರು ತಿರುಗಿದ. ‘ನೀನು ಹಾಡಬೇಕು’ ಅಂತ ಬೆನ್ನುಹತ್ತಿದ್ದು ಡೆಲನಿಯೇ. ಅದೇ ತಂಡದಿಂದ ಬಂದವರು ಮೂವರು: ಆರ್ಗನ್, ಪಿಯಾನೋಗೆ ವಿಟ್‌ಲಾಕ್, ಬೇಸ್‌ಗೆ ಕಾರ್ಲ್ ರೇಡಲ್, ಡ್ರಮ್ಸ್‌ಗೆ ಜಿಮ್ ಗಾರ್ಡನ್. ಹ್ಯಾರಿಸನ್‌ನ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ರೆಕಾರ್ಡಿಂಗ್‌ನಲ್ಲಿ ನಾಲ್ವರೂ ಕೂಡಿ ನುಡಿಸಿ ಕೈ ಹೊಂದಿಸಿಕೊಂಡರು. ಆ ಮನುಷ್ಯನ ಹೆಂಡತಿಗಾಗಿಯೇ ಹುಟ್ಟಿದ ಹಾಡುಗಳಿಗೆ ತಂಡ ತಯಾರಾಗಿದ್ದು ಅವನದೇ ಆಲ್ಬಮ್‌ನಲ್ಲಿ. ಇದನ್ನು ನೆನೆದರೆ ಈಗಲೂ ಮನಸ್ಸಿಗೆ ಕಸಿವಿಸಿಯಾಗುತ್ತದೆ.

1970ರ ಜೂನ್ 14ರಂದು ಲಂಡನ್ನಿನ ಲೈಸಿಯಂನಲ್ಲಿ ಮೊದಲ ಕಾರ್ಯಕ್ರಮ. ಹೆಸರು ಡೆರೆಕ್ ಅಂಡ್ ದ ಡಾಮಿನೋಸ್. ಆಮೇಲೆ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಸಣ್ಣ ಸಣ್ಣ ಕ್ಲಬ್‌ಗಳಲ್ಲಿ ನುಡಿಸಿದರು. ಟಿಕೆಟ್ ಒಂದು ಪೌಂಡ್. ಪೋಸ್ಟರ್ ಮೇಲೆ ಕ್ಲಾಪ್ಟನ್ ಹೆಸರು ಹಾಕುವ ಹಾಗಿಲ್ಲ ಅನ್ನೋದು ಷರತ್ತು. ‘ಕ್ಲಾಪ್ಟನ್ ಈಸ್ ಗಾಡ್’ ಅಂತ ಲಂಡನ್ ಗೋಡೆ ಮೇಲೆ ಬರೆಸಿಕೊಂಡಿದ್ದವನು ನಾಲ್ವರಲ್ಲಿ ಒಬ್ಬನಾಗಿ ನಿಲ್ಲೋಕೆ ಇಷ್ಟು ಆಸೆಪಟ್ಟ. ಆಲ್ಬಮ್ ಕೇಳುವಾಗ ಆ ಆಸೆ ಕಿವಿಗೆ ಬೀಳುತ್ತದೆ, ಅದಕ್ಕೇ ನನಗೆ ಇದರ ಮೇಲೆ ಇಷ್ಟು ಪ್ರೀತಿ.

ಆಗಸ್ಟ್ ಕೊನೆಗೆ ಅಮೆರಿಕದ ಮಯಾಮಿಯ ಕ್ರೈಟೀರಿಯಾ ಸ್ಟುಡಿಯೋ ಸೇರಿದರು. ಅಲ್ಲಿದ್ದವನು ಟಾಮ್ ಡೌಡ್. 1967ರಲ್ಲಿ ನ್ಯೂಯಾರ್ಕಿನಲ್ಲಿ ಕ್ರೀಮ್‌ನ ‘ಡಿಸ್ರೇಲಿ ಗಿಯರ್ಸ್’ ರೆಕಾರ್ಡ್ ಮಾಡಿದ ಎಂಜಿನಿಯರ್. ಆಳೆತ್ತರದ ಮಾರ್ಷಲ್ ಆಂಪ್‌ಗಳ (ಗಿಟಾರ್ ದನಿ ದೊಡ್ಡದು ಮಾಡುವ ಪೆಟ್ಟಿಗೆಗಳ) ಅಬ್ಬರ ಎಂಥದ್ದು ಅಂತ ಚೆನ್ನಾಗಿ ಗೊತ್ತಿದ್ದವನು. ಈ ಸಲ ಕ್ಲಾಪ್ಟನ್ ತಂದಿಟ್ಟಿದ್ದು ಫೆಂಡರ್ ಚಾಂಪ್, ಅಂದರೆ ಎಂಟು ಇಂಚಿನ ಒಂದೇ ಸ್ಪೀಕರ್ ಇರುವ ಪುಟ್ಟ ಪೆಟ್ಟಿಗೆ. ಮನೇಲಿ ಕಲಿಯುವ ಹುಡುಗರು ಇಟ್ಟುಕೊಳ್ಳುವಂಥದ್ದು. ಅಂಥ ಆಂಪ್‌ನ ವಾಲ್ಯೂಮ್ ಪೂರ್ತಿ ತಿರುಗಿಸಿದರೆ ದನಿ ಒಡೆದು ದಪ್ಪಗಾಗುತ್ತದೆ, ಆದರೆ ಕೋಣೆಯಲ್ಲಿ ಗದ್ದಲ ಇರೋದಿಲ್ಲ. ಪಕ್ಕದಲ್ಲಿರುವವನು ಏನು ನುಡಿಸುತ್ತಿದ್ದಾನೆ, ಏನು ಹಾಡುತ್ತಿದ್ದಾನೆ ಅಂತ ಕೇಳಿಸುತ್ತದೆ. ಈ ಆಲ್ಬಮ್‌ನ ಗುಟ್ಟಲ್ಲಿ ಅರ್ಧ ಇದೇ ಅಂತ ನನಗೆ ಅನ್ನಿಸುತ್ತದೆ.

ಡ್ಯುವೇನ್ ಆಲ್ಮನ್ ಮೊದಲ ಮೂರು ಹಾಡುಗಳಲ್ಲಿ ಇಲ್ಲವೇ ಇಲ್ಲ. ‘ಐ ಲುಕ್ಡ್ ಅವೇ’, ‘ಬೆಲ್ ಬಾಟಮ್ ಬ್ಲೂಸ್’, ‘ಕೀಪ್ ಆನ್ ಗ್ರೋಯಿಂಗ್’. ಡ್ಯುವೇನ್ ಬರದಿದ್ದರೆ ಆಲ್ಬಮ್ಮೇ ಇರುತ್ತಿರಲಿಲ್ಲ ಅನ್ನುವವರು ಈ ಮೂರನ್ನು ಇನ್ನೊಮ್ಮೆ ಕೇಳಬೇಕು. ‘ಕೀಪ್ ಆನ್ ಗ್ರೋಯಿಂಗ್’ ಶುರುವಾಗಿದ್ದು ಬರೀ ವಾದ್ಯಗಳ ಜಾಮ್ ಆಗಿ, ಅಂದರೆ ಮುಂಚೆ ಗೊತ್ತುಮಾಡದೆ ಸುಮ್ನೆ ಕೂಡಿ ನುಡಿಸಿದ್ದು. ಕ್ಲಾಪ್ಟನ್ ಅದರ ಮೇಲೆ ತನ್ನದೇ ಗಿಟಾರ್‌ಗಳನ್ನು ಒಂದರ ಮೇಲೊಂದು ಪೇರಿಸಿದ. ಇದನ್ನು ಬಿಟ್ಟುಬಿಡೋಣ ಅನ್ನೋ ಮಾತು ಬಂದಾಗ ವಿಟ್‌ಲಾಕ್ ಅಲ್ಲೇ ಆಚೆ ಹೋಗಿ ಕೂತು ಸಾಹಿತ್ಯ ಬರೆದುಕೊಂಡು ಬಂದ. ವಿಟ್‌ಲಾಕ್ ಮೆಂಫಿಸ್‌ನವನು, ಅಲ್ಲಿನ ಸೋಲ್ ಸಂಗೀತದ ಸ್ಟ್ಯಾಕ್ಸ್ ಸ್ಟುಡಿಯೋ ಸುತ್ತ ಬೆಳೆದವನು. ಸ್ಯಾಮ್ ಅಂಡ್ ಡೇವ್ ಜೋಡಿ ಹಾಡುತ್ತಿದ್ದ ಹಾಗೆ ಒಬ್ಬ ಒಂದು ಸಾಲು, ಇನ್ನೊಬ್ಬ ಮುಂದಿನ ಸಾಲು, ಆಮೇಲೆ ಇಬ್ಬರೂ ಒಟ್ಟಿಗೆ. ಆ ರೀತಿ ಈ ತಂಡಕ್ಕೆ ಬಂದಿದ್ದು ಅವನಿಂದ.

ಕ್ಲಾಪ್ಟನ್ ದನಿ ಆಗಿನ್ನೂ ಹೆದರಿಕೊಂಡೇ ಹಾಡುವ ದನಿ. ಪಕ್ಕದಲ್ಲಿ ವಿಟ್‌ಲಾಕ್ ಗಂಟಲು ಬಿಟ್ಟು ಕೂಗುತ್ತಿದ್ದರೆ ಇವನೂ ಮೇಲೆ ಏರಲೇಬೇಕು, ಅಲ್ವಾ? ‘ಎನಿಡೇ’ ಹಾಡಿನ ಕೋರಸ್ ಕೇಳಿ. ಇಬ್ಬರ ದನಿಯೂ ಹರಿದುಹೋಗುವ ಅಂಚಿನಲ್ಲಿದೆ. ಆರು ಹಾಡುಗಳಿಗೆ ಬರೆದವರ ಪಟ್ಟಿಯಲ್ಲಿ ವಿಟ್‌ಲಾಕ್ ಹೆಸರಿದೆ. ಕೊನೆಯದಾದ ‘ಥಾರ್ನ್ ಟ್ರೀ ಇನ್ ದ ಗಾರ್ಡನ್’ ಪೂರ್ತಿ ಅವನದೇ. ತನ್ನಿಂದ ದೂರ ಮಾಡಿದ ಒಂದು ನಾಯಿಮರಿಗಾಗಿ ಬರೆದದ್ದು. ಎಲ್ಲರೂ ಮೈಕ್ ಸುತ್ತ ವೃತ್ತವಾಗಿ ಕೂತು ರೆಕಾರ್ಡ್ ಮಾಡಿದರು.

ಡ್ಯುವೇನ್ ಬಂದ ಕಥೆಯನ್ನೂ ಹೇಳಲೇಬೇಕು. ಆಗಸ್ಟ್ 26ಕ್ಕೆ ಮಯಾಮಿಯಲ್ಲಿ ಆಲ್ಮನ್ ಬ್ರದರ್ಸ್ ಕಾರ್ಯಕ್ರಮ. ಡೌಡ್ ಡಾಮಿನೋಸ್ ತಂಡವನ್ನು ಕರೆದುಕೊಂಡು ಹೋಗಿ ವೇದಿಕೆ ಎದುರಿಗೇ ಕೂರಿಸಿದ. ಡ್ಯುವೇನ್ ಸೋಲೋ ಮಧ್ಯೆ ಕಣ್ಣುಬಿಟ್ಟವನು ಕ್ಲಾಪ್ಟನ್ನನ್ನು ನೋಡಿ ಕೈ ನಿಲ್ಲಿಸಿಬಿಟ್ಟ. ಅವನ ತಂಡದ ಇನ್ನೊಬ್ಬ ಗಿಟಾರಿಸ್ಟ್ ಡಿಕಿ ಬೆಟ್ಸ್ ಸೋಲೋ ಮುಂದುವರಿಸಿದ. ಅವತ್ತು ರಾತ್ರಿಯೇ ಎಲ್ಲರೂ ಸ್ಟುಡಿಯೋಗೆ ಬಂದು ಬೆಳಗಿನವರೆಗೆ ನುಡಿಸಿದರು. ಆಮೇಲೆ 11 ಹಾಡುಗಳಲ್ಲಿ ಡ್ಯುವೇನ್ ಇದ್ದಾನೆ.

ಅಕ್ಕನ ಮಗ ಈಗ ಗಿಟಾರ್ ಕಲೀತಾ ಇದ್ದಾನೆ. ಸಂಜೆ ಬಂದವನು ‘ಲೈಲಾ’ ಹಾಡು ಕೇಳಿ, ‘ಮಾಮ, ಇದರಲ್ಲಿ ಯಾವುದು ಯಾರ ಗಿಟಾರ್?’ ಅಂದ. ತೆಳ್ಳಗೆ, ಚೂಪಾಗಿ ಕೇಳೋದು ಕ್ಲಾಪ್ಟನ್‌ನ ಸ್ಟ್ರಾಟೋಕಾಸ್ಟರ್, ದಪ್ಪಗೆ ಎಳೆದುಕೊಂಡು ಅಳೋದು ಡ್ಯುವೇನ್‌ನ ಲೆಸ್ ಪಾಲ್ ಅಂತ ಹೇಳಿದೆ. ಡ್ಯುವೇನ್ ಬೆರಳಿಗೆ ಹಾಕಿಕೊಳ್ಳುತ್ತಿದ್ದದ್ದು ಕೊರಿಸಿಡಿನ್ ಅನ್ನೋ ನೆಗಡಿ ಮಾತ್ರೆಯ ಖಾಲಿ ಗಾಜಿನ ಬಾಟಲಿ. ಹಾಡಿನ ಕೊನೆಗೆ ಅವನು ಆ ಬಾಟಲಿಯನ್ನು ಫ್ರೆಟ್‌ಗಳೆಲ್ಲ (ಗಿಟಾರ್ ಕತ್ತಿನ ಮೇಲಿನ ಲೋಹದ ಪಟ್ಟಿಗಳು) ಮುಗಿದ ಮೇಲೂ ಜಾರಿಸಿಕೊಂಡು ಹೋಗುತ್ತಾನೆ. ಅಲ್ಲಿ ಬೆರಳಿಗೆ ಗುರುತೇ ಇಲ್ಲ, ಕಿವಿಯೊಂದೇ ಗತಿ. ಹಕ್ಕಿ ಚಿಲಿಪಿಲಿಯಂತೆ ಕೇಳುವ ಆ ಸ್ವರಗಳು ಬರೋದು ಹಾಗೆ. ಹುಡುಗ ತನ್ನ ಗಿಟಾರ್ ಮೇಲೆ ಆ ಜಾಗವನ್ನು ಮುಟ್ಟಿ ಮುಟ್ಟಿ ನೋಡಿದ.

‘ಲೈಲಾ’ ಮೊದಲು ನಿಧಾನದ ಹಾಡಾಗಿತ್ತು. ಪರ್ಷಿಯನ್ ಕವಿ ನಿಜಾಮಿಯ ಲೈಲಾ ಮಜ್ನೂ ಕಥೆ ಓದಿ ಕ್ಲಾಪ್ಟನ್ ಬರೆದದ್ದು. ಅದಕ್ಕೆ ಆ ಓಟ ಕೊಟ್ಟ ಶುರುವಿನ ಸ್ವರಗುಚ್ಛ ಡ್ಯುವೇನ್‌ನದು. ಆಲ್ಬರ್ಟ್ ಕಿಂಗ್ ಹಾಡುತ್ತಿದ್ದ ಒಂದು ಬ್ಲೂಸ್ ಸಾಲನ್ನು ಅವನು ವೇಗ ಮಾಡಿ ನುಡಿಸಿದ. ಕೊನೆಯ ಪಿಯಾನೋ ಭಾಗಕ್ಕೆ ಗಾರ್ಡನ್ ಹೆಸರಿದೆ. ಅದು ನನ್ನದು ಅಂತ ಗಾಯಕಿ ರೀಟಾ ಕೂಲಿಜ್ ಹೇಳಿದ್ದಾಳೆ, ವಿಟ್‌ಲಾಕ್ ಕೂಡ ಅವಳ ಮಾತಿಗೇ ಸಾಕ್ಷಿ ಹೇಳಿದ. ಅವಳ ಹೆಸರು ಇವತ್ತಿಗೂ ಬಂದಿಲ್ಲ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

‘ಕೀ ಟು ದ ಹೈವೇ’ ಮಧ್ಯದಿಂದ ತೇಲಿಕೊಂಡು ಬರುವ ಹಾಗೆ ಶುರುವಾಗುತ್ತದಲ್ಲ, ಅದಕ್ಕೆ ಕಾರಣ ಟೇಪ್ ಓಡುತ್ತಿರಲಿಲ್ಲ. ಇವರು ಸುಮ್ನೆ ನುಡಿಸೋಕೆ ಶುರುಮಾಡಿದ್ದು ಕಿವಿಗೆ ಬಿದ್ದು ಡೌಡ್ ಓಡಿಬಂದು ಮಿಷನ್ ಹಾಕಿಸಿದ. ‘ಲಿಟಲ್ ವಿಂಗ್’ ಅನ್ನು, ಅದನ್ನು ಬರೆದ ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ಮೇಲಿನ ಗೌರವಕ್ಕೆ ಸೆಪ್ಟೆಂಬರ್ 9ರಂದು ನುಡಿಸಿದರು. 18ಕ್ಕೆ ಅವನೇ ಹೋಗಿಬಿಟ್ಟ. ಅವನು ಕೇಳಲೇ ಇಲ್ಲ.

ಆಲ್ಬಮ್ ನವೆಂಬರ್‌ನಲ್ಲಿ ಬಂತು. ಮುಖಪುಟದ ಮೇಲೆ ಒಂದು ಪೇಂಟಿಂಗ್ ಮಾತ್ರ, ಹೆಸರೇ ಇಲ್ಲ. ಅಮೆರಿಕದಲ್ಲಿ 16ನೇ ಸ್ಥಾನಕ್ಕೆ ಏರಿತು, ಬ್ರಿಟನ್ನಿನ ಪಟ್ಟಿಯಲ್ಲಿ ಆಗ ಜಾಗವೇ ಸಿಗಲಿಲ್ಲ. ಡೆರೆಕ್ ಅಂದರೆ ಎರಿಕ್ಕೇ ಅಂತ ಕಂಪನಿಯವರು ಬ್ಯಾಡ್ಜ್ ಮಾಡಿಸಿ ಹಂಚಿದರು. 1971ರಲ್ಲಿ ಎರಡನೇ ಆಲ್ಬಮ್ ಅರ್ಧಕ್ಕೆ ನಿಂತು ತಂಡ ಒಡೆಯಿತು. ಡ್ರಗ್ಸ್ ಎಲ್ಲರನ್ನೂ ತಿಂದುಹಾಕಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಡ್ಯುವೇನ್ ಬೈಕ್ ಅಪಘಾತದಲ್ಲಿ ಸತ್ತ, 24 ವರ್ಷಕ್ಕೆ. 1980ರಲ್ಲಿ ರೇಡಲ್ ತೀರಿಕೊಂಡ. ಗಾರ್ಡನ್ ಮಾನಸಿಕ ಕಾಯಿಲೆಯಲ್ಲಿ 1983ರಲ್ಲಿ ತಾಯಿಯನ್ನೇ ಕೊಂದು, 2023ರಲ್ಲಿ ಸೆರೆಯಲ್ಲೇ ತೀರಿಕೊಂಡ. ‘ಲೈಲಾ’ ಹಾಡು ಮಾತ್ರ 1972ರಲ್ಲಿ ಮತ್ತೆ ಬಿಡುಗಡೆಯಾಗಿ ಬ್ರಿಟನ್ನಿನಲ್ಲಿ 7ನೇ ಸ್ಥಾನಕ್ಕೆ ಬಂತು.

1974ರಲ್ಲಿ ಕ್ಲಾಪ್ಟನ್ ಅದೇ ಕ್ರೈಟೀರಿಯಾಗೆ, ಅದೇ ಡೌಡ್ ಜೊತೆ, ರೇಡಲ್‌ನನ್ನೇ ಬೇಸ್‌ಗೆ ಹಾಕಿಕೊಂಡು ‘461 ಓಷನ್ ಬುಲೆವಾರ್ಡ್’ ಮಾಡಿದ. ಈ ಸಲ ತನ್ನದೇ ಹೆಸರಿನಲ್ಲಿ. ಒಳ್ಳೆಯ ಆಲ್ಬಮ್ಮೇ, ರಾತ್ರಿ ಅದನ್ನೂ ಹಾಕಿಕೊಂಡೆ. ಇವೊನ್ ಎಲಿಮನ್ ಜೊತೆಗೂಡಿ ಚೆನ್ನಾಗಿಯೇ ಹಾಡಿದ್ದಾಳೆ. ಆದರೆ ಅವನ ಸಾಲನ್ನು ಬಾಯಿಂದ ಕಿತ್ತುಕೊಂಡು ಹಾಡುವವನು ಅಲ್ಲಿ ಯಾರೂ ಇಲ್ಲ.