ಕಾಯಿಲ್ ಬಾಯಿ ಹತ್ರ ಗೆರೆಗಳು ಏನಾಗ್ತವೆ

ಉದ್ದ ವೈರ್ ಸುರುಳಿಲಿ (ಕಾಯಿಲ್) ಕರೆಂಟ್ ಹರಿದ್ರೆ ಒಳಗಡೆ ಬಲರೇಖೆಗಳು (ಕಾಂತಕ್ಷೇತ್ರದ ದಿಕ್ಕು ತೋರಿಸೋ ಗೆರೆಗಳು) ನೇರವಾಗಿ, ಒಂದರ ಪಕ್ಕ ಒಂದು ಸಮಾನಾಂತರ, ಹೊರಗಡೆ ಕ್ಷೇತ್ರ ಸೊನ್ನೆ. ಎಸ್‌ಎಸ್‌ಎಲ್‌ಸಿ, ಪಿಯುಸಿ ಮಕ್ಕಳನ್ನ ಕೇಳಿದ್ರೆ ಇಷ್ಟು ಬಾಯಿಪಾಠ ಬರುತ್ತೆ. ಆದ್ರೆ ಆ ಗೆರೆಗಳು ಸುರುಳಿ ಬಾಯಿ ದಾಟಿದ ಮೇಲೆ ಎಲ್ಲಿಗೆ ಹೋಗ್ತವೆ ಅಂತ ಕೇಳಿದ್ರೆ ಸುಮ್ನಾಗ್ತಾರೆ, ನನಗೆ ಇಷ್ಟದ ಭಾಗಾನೇ ಅದು, ಅದಕ್ಕೆ ಬರೀತಿದೀನಿ.

ಕೋಲಾರದಲ್ಲಿ ತಾಮ್ರದ ವೈರ್‌ಗೆ ಬರ ಇಲ್ಲ, ಬೋರ್‌ವೆಲ್ ಇರೋ ಕಡೆಯೆಲ್ಲಾ ಮೋಟ್ರು ರಿವೈಂಡಿಂಗ್ ಅಂಗಡಿ ಇದ್ದೇ ಇರುತ್ತೆ. 25 ಮಿ.ಮೀ ವ್ಯಾಸದ ಪಿವಿಸಿ ಪೈಪ್ 30 ಸೆಂ.ಮೀ ತಗೊಂಡು 300 ಸುತ್ತು ಹಾಕಿ, ಅಂದ್ರೆ ಮೀಟರ್‌ಗೆ 1000 ಸುತ್ತು. 1 ಆಂಪಿಯರ್ ಬಿಟ್ರೆ ನಡುವೆ ಸುಮಾರು 1.26 ಮಿಲಿಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯೋ ಮಾನ) ಬರುತ್ತೆ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ ಸುಮಾರು 0.04 ಮಿಲಿಟೆಸ್ಲಾ, ಅಂದ್ರೆ ಪೈಪ್ ಒಳಗೆ ಅದರ 30 ಪಟ್ಟು. ಪೈಪ್ ಎಷ್ಟು ದಪ್ಪ ಅನ್ನೋದು ಈ ಲೆಕ್ಕಕ್ಕೆ ಬರೋದೇ ಇಲ್ಲ (ಉದ್ದದ ಮುಂದೆ ಸಣ್ಣದಿದ್ರೆ ಸಾಕು), ಮೀಟರ್‌ಗೆ ಎಷ್ಟು ಸುತ್ತು, ಎಷ್ಟು ಆಂಪಿಯರ್, ಇವೆರಡೇ.

ಈಗ ತುದಿಗೆ ಬನ್ನಿ. ಬಾಯಲ್ಲಿ ಕ್ಷೇತ್ರ ಅರ್ಧ ಆಗಿರುತ್ತೆ. ಯಾಕೆ ಅರ್ಧಾನೇ ಅಂದ್ರೆ, ಇಂಥವೇ ಎರಡು ಉದ್ದ ಸುರುಳಿಗಳನ್ನ ಒಂದೇ ದಿಕ್ಕಿಗೆ ಕರೆಂಟ್ ಹರಿಯೋ ಹಂಗೆ ಬಾಯಿಗೆ ಬಾಯಿ ಸೇರಿಸಿ ಅಂದ್ಕೊಳಿ, ಸೇರಿದ ಜಾಗ ಈಗ ಒಂದು ದೊಡ್ಡ ಸುರುಳಿಯ ನಡುಭಾಗ, ಅಲ್ಲಿ ಪೂರ್ತಿ ಕ್ಷೇತ್ರ ಇರಲೇಬೇಕು, ಎರಡೂ ಒಂದೇ ಥರದವು ಆದ್ರಿಂದ ಅದರಲ್ಲಿ ಒಂದೊಂದರ ಪಾಲು ಅರ್ಧರ್ಧ. ಇನ್ಟಿಗ್ರೇಷನ್ ಏನೂ ಬೇಡ, ಎಷ್ಟು ಚೆಂದ ನೋಡಿ! ಆದ್ರೆ ಬಲರೇಖೆ ನಡುವೆ ಎಲ್ಲೂ ಕಡಿದು ಹೋಗಲ್ಲ, ಹಂಗಿದ್ರೆ ಉಳಿದರ್ಧ ಗೆರೆಗಳು ಎಲ್ಲಿ? ಅವು ಬಾಯಿ ತಲುಪೋಕೆ ಮುಂಚೆನೇ ಪಕ್ಕದ ಸುತ್ತುಗಳ ಸಂದಿಯಿಂದ ಹೊರಗೆ ಜಾರಿರ್ತವೆ, ಮೆಜೆಸ್ಟಿಕ್‌ಗೆ ಹೋಗೋ ಕೋಲಾರ ಬಸ್ಸಲ್ಲಿ ಅರ್ಧ ಜನ ಕೆ.ಆರ್.ಪುರದಲ್ಲೇ ಇಳಿದಂಗೆ. ಇದೆಲ್ಲಾ ಆಗೋದು ತುದಿಯ ಹತ್ರಾನೇ, ಬಾಯಿಂದ ಒಂದು ವ್ಯಾಸದಷ್ಟು, ಅಂದ್ರೆ ನಮ್ಮ ಪೈಪಲ್ಲಿ 2.5 ಸೆಂ.ಮೀ ಒಳಗೆ ಹೋದ್ರೆ ಸಾಕು, ಅಕ್ಷದ ಮೇಲೆ (ಪೈಪಿನ ನಟ್ಟನಡುವೆ ಉದ್ದಕ್ಕೂ ಹೋಗೋ ಗೆರೆ) ಆಗ್ಲೇ ಶೇ. 95ರಷ್ಟು ಕ್ಷೇತ್ರ ಬಂದಿರುತ್ತೆ.

ಹೊರಗೆ ಬಂದ ಗೆರೆಗಳು ಇನ್ನೊಂದು ತುದಿಗೆ ವಾಪಸ್ ಹೋಗಲೇಬೇಕು. ಒಳಗೆ ಬೆರಳಷ್ಟು ಜಾಗದಲ್ಲಿ ಒತ್ತಾಗಿದ್ದವು ಹೊರಗೆ ಇಡೀ ಕೋಣೆ ತುಂಬಾ ಹರಡ್ಕೋತವೆ, ಅದಕ್ಕೇ ಹೊರಗಿನ ಕ್ಷೇತ್ರ ಅಷ್ಟು ದುರ್ಬಲ. ನಮ್ಮ ಪೈಪ್ ನಡುವಿನ ಪಕ್ಕದಲ್ಲಿ, ಅಕ್ಷದಿಂದ 5 ಸೆಂ.ಮೀ ದೂರದಲ್ಲಿ, ಲೆಕ್ಕ ಹಾಕಿದ್ರೆ ಹತ್ರತ್ರ 0.004 ಮಿಲಿಟೆಸ್ಲಾ, ಒಳಗಿನದ್ದರ ಮುನ್ನೂರನೇ ಒಂದು ಭಾಗ, ದಿಕ್ಕು ಒಳಗಿನದಕ್ಕೆ ಉಲ್ಟಾ. ಸೊನ್ನೆ ಅನ್ನೋದು ಸುರುಳಿಗೆ ಕೊನೆಯೇ ಇಲ್ಲ ಅಂತ ಅಂದ್ಕೊಂಡಾಗ ಬರೋ ಉತ್ತರ.

ಅಲ್ಲೂ ಒಂದು ವಿಷಯ ಬಿಟ್ಟೋಗುತ್ತೆ. ವೈರ್ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗುತ್ತಲ್ವಾ, ಅಂದ್ರೆ ಅಕ್ಷದುದ್ದಕ್ಕೂ ಒಟ್ಟಾರೆ 1 ಆಂಪಿಯರ್ ಹರೀತಿದೆ, ಅದು ನೇರ ತಂತಿ ಥರಾನೇ ಪೈಪನ್ನ ಸುತ್ತುವರಿಯೋ ಕ್ಷೇತ್ರ ಕೊಡುತ್ತೆ, 5 ಸೆಂ.ಮೀ ದೂರದಲ್ಲಿ ಅದೂ 0.004 ಮಿಲಿಟೆಸ್ಲಾನೇ! ಎರಡೂ ಸೇರಿ ಅಲ್ಲಿ ಗೆರೆ ಓರೆಯಾಗುತ್ತೆ. ಬೇಡ ಅಂದ್ರೆ ಎರಡನೇ ಲೇಯರ್ ಸುತ್ತಿ ವೈರನ್ನ ಶುರುವಾದ ತುದಿಗೇ ವಾಪಸ್ ತನ್ನಿ, ಈ ಸುತ್ತು ಕ್ಷೇತ್ರ ಹೆಚ್ಚುಕಮ್ಮಿ ರದ್ದಾಗುತ್ತೆ.

ಇವೆರಡನ್ನೂ ಒಂದು ಕಂಪಾಸಿಂದ ಬೇರೆಬೇರೆ ನೋಡಬಹುದು. ಪೈಪನ್ನ ಪೂರ್ವ ಪಶ್ಚಿಮ ಇಟ್ಟು ಪಕ್ಕದಲ್ಲಿ, ಅದೇ ಎತ್ತರದಲ್ಲಿ ಕಂಪಾಸ್ ಇಟ್ರೆ ಮುಳ್ಳು ವಾಲೋದು ವಾಪಸ್ ಹೋಗೋ ಗೆರೆಗಳಿಂದ. ಉತ್ತರ ದಕ್ಷಿಣ ತಿರುಗಿಸಿ ನಡುವೆ 5 ಸೆಂ.ಮೀ ಮೇಲೆ ಹಿಡಿದ್ರೆ ವಾಲೋದು ಸುತ್ತು ಕ್ಷೇತ್ರದಿಂದ. ಎರಡು ಸಲಾನೂ ಐದಾರು ಡಿಗ್ರಿ ಅಷ್ಟೇ, ಗಮನ ಇಟ್ಟು ನೋಡಬೇಕು, ಆಚೆ ಈಚೆ ಕಬ್ಬಿಣ ಇರಬಾರದು, ಬ್ಯಾಟರಿ ವೈರ್‌ಗಳನ್ನ ಒಂದಕ್ಕೊಂದು ಹೆಣೆದು ದೂರ ಇಡಿ.

ಪಂಪ್‌ಸೆಟ್ ಸ್ಟಾರ್ಟರ್ ಬಿಚ್ಚಿ ನೋಡಿದೋರಿಗೆ ಕಾಯಿಲ್ ಸುತ್ತ ಇಂಗ್ಲಿಷ್ E ಆಕಾರದ ಕಬ್ಬಿಣದ ಪಟ್ಟಿಗಳು ಗೊತ್ತಿರ್ತವೆ. ಹೊರಗೆ ಚೆಲ್ಲಾಪಿಲ್ಲಿ ಹೋಗ್ಬೇಕಾಗಿದ್ದ ಗೆರೆಗಳಿಗೆ ಆ ಕಬ್ಬಿಣ ವಾಪಸ್ ಹೋಗೋ ದಾರಿ, ಗಾಳಿಗಿಂತ ಸಾವಿರಾರು ಪಟ್ಟು ಸಲೀಸು, ಆಗ ಎಳೆತ ಜೋರಾಗಿ ಕಾಂಟ್ಯಾಕ್ಟ್ ಕಚ್ಕೊಳುತ್ತೆ. ನಮ್ಮೂರಿನ ಕೆಂಪು ಧೂಳು ಆಗ ಒಂದಕ್ಕೊಂದು ಅಂಟ್ಕೊಳೋ ಎರಡು ಕಬ್ಬಿಣದ ಮುಖಗಳ ನಡುವೆ ಕೂತ್ರೆ ಸಣ್ಣ ಗ್ಯಾಪ್ ಉಳಿಯುತ್ತೆ, ಸ್ಟಾರ್ಟರ್ ಗುರ್ರ್ ಅಂತ ಸದ್ದು ಮಾಡುತ್ತೆ, ಎಸಿ ಕಾಯಿಲ್ ಆದ್ರಿಂದ ಗ್ಯಾಪ್ ಇದ್ದಷ್ಟೂ ಕರೆಂಟ್ ಜಾಸ್ತಿ ಎಳೆದು ಬಿಸಿಯಾಗಿ ಕಾಯಿಲ್ ಸುಟ್ಟೂ ಹೋಗಬಹುದು. ಸದ್ದು ಕೇಳಿದ ಕೂಡ್ಲೆ ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕರೆಸಿ ಆ ಮುಖಗಳನ್ನ ಒಣಬಟ್ಟೆಲಿ ಒರೆಸಿಸಿ.