ಶಾಲೆ ಚೆನ್ನಾಗಿದೆ ಎನ್ನುವವರು ನೋಡಿದ್ದೇನು

ಮಗಳು ಓದುತ್ತಿದ್ದ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಮಾತ್ರ ಇದ್ದುದರಿಂದ ಎಂಟಕ್ಕೆ ಬೇರೆ ಕಡೆ ಸೇರಿಸುವುದು ಅನಿವಾರ್ಯವಾಗಿತ್ತು. ದಾವಣಗೆರೆಯಲ್ಲಿ ಖಾಸಗಿ ಶಾಲೆಗಳಿಗೆ ಬರವಿಲ್ಲ. ಫೆಬ್ರುವರಿ ಬಂತೆಂದರೆ ವೃತ್ತವೃತ್ತಕ್ಕೂ ಪ್ರವೇಶಾತಿಯ ಫ್ಲೆಕ್ಸ್‌ಗಳು ಏಳುತ್ತವೆ. ಅವುಗಳ ಪೈಕಿ ಮನೆಗೆ ಹತ್ತಿರವಿದ್ದ, ಶುಲ್ಕವೂ ನಮ್ಮ ಕೈಗೆಟುಕುವಂತಿದ್ದ ಅನುದಾನರಹಿತ ಆಂಗ್ಲ ಮಾಧ್ಯಮ ಶಾಲೆಯೊಂದರ ಬಗ್ಗೆ, ಅಲ್ಲಿ ಮಕ್ಕಳನ್ನು ಬಿಟ್ಟಿರುವ ಪೋಷಕರನ್ನೂ ಅಲ್ಲಿ ಓದುತ್ತಿರುವ ಮಕ್ಕಳನ್ನೂ ಬೇರೆಬೇರೆಯಾಗಿ ವಿಚಾರಿಸುತ್ತ ಹೋದೆ. ಇಬ್ಬರೂ ಒಂದೇ ಕಟ್ಟಡದ ಬಗ್ಗೆ ಮಾತನಾಡುತ್ತಿದ್ದಾರೆಯೇ ಎಂಬ ಅನುಮಾನ ಬರುವಷ್ಟು ಅವರ ಮಾತುಗಳು ದೂರದೂರವಿದ್ದವು. ಶಾಲೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಕೇಳಿಸಿಕೊಂಡದ್ದರಲ್ಲಿ ಬಹುಪಾಲು ಅದೊಂದೇ ಶಾಲೆಗೆ ಸೀಮಿತವಾದದ್ದೂ ಅಲ್ಲ.

ಪೋಷಕರಿಂದ ಶುರುಮಾಡುತ್ತೇನೆ. ಕುಂದುವಾಡ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆಗೆ ಬರುವವರಲ್ಲಿ ಆ ಶಾಲೆಯ ಪೋಷಕರು ಹಲವರಿದ್ದಾರೆ. "ಶಿಸ್ತು ಚೆನ್ನಾಗೈತಿ ಸರ್, ಕಣ್ಣು ಮುಚ್ಚಿ ಸೇರಿಸ್ರಿ" ಎಂದವರೇ ಹೆಚ್ಚು. ಹೇಗೆ ಚೆನ್ನಾಗಿದೆ ಎಂದು ಬಿಡದೆ ಕೇಳಿದಾಗ ಬಂದ ಉತ್ತರಗಳು ಇವು: ಬಸ್ಸು ಸಮಯಕ್ಕೆ ಸರಿಯಾಗಿ ಬರುತ್ತದೆ, ಡೈರಿಗೆ ಪ್ರತಿದಿನ ಸಹಿ ಕೇಳುತ್ತಾರೆ, ಹೋಂವರ್ಕ್ ರಾಶಿ ಕೊಡುತ್ತಾರೆ, ಗೇಟಿನಲ್ಲಿ ಕ್ಯಾಮೆರಾ ಇದೆ, ಕಳೆದ ಸಲ ಎಸ್ಸೆಸ್ಸೆಲ್ಸಿಯಲ್ಲಿ ಶೇ 100 ಫಲಿತಾಂಶ. ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ಎಲ್ಲವೂ ಗೇಟಿನ ಹೊರಗೆ ನಿಂತು ನೋಡಬಹುದಾದದ್ದು ಅಥವಾ ಮನೆಗೆ ಬರುವ ಕಾಗದದಲ್ಲಿ ಕಾಣುವಂಥದ್ದು. ತರಗತಿಯ ಬಾಗಿಲು ಮುಚ್ಚಿದ ಮೇಲೆ ನಲವತ್ತು ನಿಮಿಷ ಏನು ನಡೆಯುತ್ತದೆ ಎಂಬುದು ಪೋಷಕರಿಗೆ ಗೊತ್ತಾಗುವ ದಾರಿಯೇ ಇಲ್ಲ. ಹಾಗಾಗಿ ಗೊತ್ತಿರುವುದನ್ನೇ ಅವರು ಗುಣಮಟ್ಟ ಎಂದು ಕರೆಯುತ್ತಾರೆ.

ಮತ್ತೊಂದು ಕಾರಣವನ್ನೂ ಹೇಳಬೇಕು. ಸಾಲ ಮಾಡಿ ಶುಲ್ಕ ಕಟ್ಟಿದವರಿಗೆ ಆ ಶಾಲೆ ಸುಮಾರಾಗಿದೆ ಎಂದು ಒಪ್ಪಿಕೊಳ್ಳುವುದು ಸುಲಭವಲ್ಲ. ಅಸಮಾಧಾನವಿದ್ದವರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ವಿದ್ಯಾನಗರದ ತಾಯಿಯೊಬ್ಬರು ಮಗನ ನೋಟ್‌ಬುಕ್ ತಿದ್ದದೆ ಎರಡು ತಿಂಗಳಾಗಿತ್ತು ಎಂದು ಬೇಸರದಿಂದ ಹೇಳಿದವರು, ಶಾಲೆಗೆ ಹೋಗಿ ಕೇಳಲಿಲ್ಲವೇ ಎಂದಾಗ ದನಿ ತಗ್ಗಿಸಿದರು: "ಕೇಳಿದ್ರೆ ನಮ್ಮ ಹುಡುಗನ ಮ್ಯಾಲ ಹಗೆ ಸಾಧಿಸ್ತಾರ, ಸುಮ್ನೆ ಯಾಕ ಬಿಡ್ರಿ." ಈ ಭಯಕ್ಕೆ ಆಧಾರವಿದೆಯೋ ಇಲ್ಲವೋ, ಪೋಷಕರ ಸಭೆಯಲ್ಲಿ ಯಾರೂ ಕೈ ಎತ್ತದಿರುವುದಕ್ಕೆ ಇದೊಂದು ದೊಡ್ಡ ಕಾರಣ. ಯಾರೂ ಕೈ ಎತ್ತದಿರುವುದನ್ನೇ ಆಡಳಿತ ಮಂಡಳಿಯವರು ಎಲ್ಲರಿಗೂ ತೃಪ್ತಿಯಿದೆ ಎಂದು ಓದಿಕೊಳ್ಳುತ್ತಾರೆ.

ಮಕ್ಕಳ ಮಾತಿಗೆ ಬರೋಣ. "ಶಾಲೆ ಹೇಗಿದೆ?" ಎಂದು ಕೇಳಿದರೆ ಹದಿಮೂರು ವರ್ಷದ ಹುಡುಗರು "ಚೆನ್ನಾಗೈತಿ ಅಂಕಲ್" ಎಂದು ಓಡಿಹೋಗುತ್ತಾರೆ. ಸಣ್ಣ, ಖಚಿತ ಪ್ರಶ್ನೆಗಳನ್ನು ಕೇಳಬೇಕು. ಈ ವರ್ಷ ಗಣಿತವನ್ನು ಯಾರು ಯಾರು ತೆಗೆದುಕೊಂಡರು? ಆಟದ ಪೀರಿಯಡ್ ಕೊನೆಯ ಸಲ ನಡೆದದ್ದು ಯಾವಾಗ? ನೀರು ಕುಡಿಯಲು ಎಲ್ಲಿಗೆ ಹೋಗುತ್ತೀರಿ? ಅರ್ಥವಾಗಲಿಲ್ಲ ಎಂದು ಹೇಳಿದರೆ ಏನಾಗುತ್ತದೆ? ಇಷ್ಟು ಕೇಳಿದರೆ ಸಾಕು, ಯಾವ ತಪಾಸಣಾ ವರದಿಯಲ್ಲೂ ಸಿಗದ ವಿವರಗಳು ಹೊರಬರುತ್ತವೆ. ಒಂದು ವಿಭಾಗಕ್ಕೆ ಜೂನ್‌ನಿಂದ ಜನವರಿಯೊಳಗೆ ಗಣಿತಕ್ಕೆ ಮೂವರು ಶಿಕ್ಷಕರು ಬಂದುಹೋಗಿದ್ದರು. ಆಟದ ಪೀರಿಯಡ್ಡನ್ನು ದಸರಾ ರಜೆಯ ನಂತರ ವಿಜ್ಞಾನಕ್ಕೆ ಕೊಟ್ಟುಬಿಟ್ಟಿದ್ದರು. ಶೌಚಾಲಯ ಶುಚಿಯಾಗಿರುತ್ತದೆ, ಆದರೆ ಊಟದ ಬಿಡುವಿನಲ್ಲಿ ಮಾತ್ರ ತೆರೆದಿರುತ್ತದೆ. ಇದನ್ನು ಹೇಳಿದವರೆಲ್ಲ ಹೆಣ್ಣುಮಕ್ಕಳು, ಅದರಲ್ಲಿ ಒಬ್ಬಳು ಬೆಳಿಗ್ಗೆ ನೀರು ಕುಡಿಯುವುದನ್ನೇ ಬಿಟ್ಟಿದ್ದಾಳೆ. ಅರ್ಥವಾಗಲಿಲ್ಲ ಎಂದು ಎದ್ದು ನಿಂತರೆ "ಲಕ್ಷ್ಯ ಎಲ್ಲಿತ್ತು?" ಎನ್ನುತ್ತಾರಂತೆ. ಹಾಗಾಗಿ ಸಂಜೆ ಟ್ಯೂಷನ್‌ನಲ್ಲಿ ಕೇಳಿಕೊಳ್ಳುತ್ತಾರೆ. ಫಲಿತಾಂಶದ ಫ್ಲೆಕ್ಸ್‌ನಲ್ಲಿ ಆ ಟ್ಯೂಷನ್ ಮೇಷ್ಟ್ರ ಪಾಲನ್ನು ಯಾರೂ ನಮೂದಿಸುವುದಿಲ್ಲ.

ಮಕ್ಕಳ ಮಾತೆಲ್ಲ ವೇದವಾಕ್ಯವಲ್ಲ. ಕೂದಲು ಕತ್ತರಿಸಿಕೊಂಡು ಬಾ ಎಂದ ಸಿಟ್ಟಿಗೆ ಶಾಲೆಯೇ ಸರಿಯಿಲ್ಲ ಎಂದ ಒಂಬತ್ತನೆಯ ತರಗತಿಯ ಒಬ್ಬನ ಅಭಿಪ್ರಾಯವನ್ನು ನಾನು ಬದಿಗಿಟ್ಟೆ. ಅದೇ ಹುಡುಗ, ಅದೇ ಉಸಿರಿನಲ್ಲಿ, ಕನ್ನಡ ಮಿಸ್ ರಜೆ ಹಾಕಿದ ದಿನ ತರಗತಿಯಲ್ಲಿ ಮನಸ್ಸೇ ನಿಲ್ಲುವುದಿಲ್ಲ ಎಂದ. ಆ ಶಿಕ್ಷಕಿಯ ಬಗ್ಗೆ ಕೇಳಿದ ಮಕ್ಕಳೆಲ್ಲ ಒಂದಲ್ಲ ಒಂದು ಕಥೆ ಹೇಳಿದರು. ವ್ಯಾಕರಣ ಕಲಿಸಲು ದಿನಪತ್ರಿಕೆಯ ತಲೆಬರಹಗಳನ್ನು ತಂದು ಸಮಾಸ ಹುಡುಕಿಸುತ್ತಾರೆ, ಪ್ರಬಂಧವನ್ನು ಬಾಯಿಪಾಠ ಮಾಡಿ ಬರೆದರೆ ಅಂಕ ಕಳೆಯುತ್ತಾರೆ. ಪೋಷಕರಲ್ಲಿ ಒಬ್ಬರೂ ಅವರ ಹೆಸರೆತ್ತಲಿಲ್ಲ. ಕನ್ನಡ ಎಂದರೆ ಹೇಗೂ ಬರುವ ವಿಷಯ, ಅದಕ್ಕಾಗಿ ಇಷ್ಟು ಶುಲ್ಕ ಕೊಡುತ್ತಿಲ್ಲ ಎಂಬ ಭಾವನೆ ಅವರಲ್ಲಿ ಇದ್ದಂತಿತ್ತು.

ನನಗೆ ಹೆಚ್ಚು ತಿಳಿಸಿಕೊಟ್ಟದ್ದು ಮಾತಿಗಿಂತ ನೋಟ್‌ಬುಕ್. ಪರಿಚಯದವರ ಮನೆಯಲ್ಲಿ ಅಣ್ಣತಮ್ಮಂದಿರ ಮಕ್ಕಳಿಬ್ಬರು, ಒಬ್ಬ 'ಎ' ವಿಭಾಗ, ಇನ್ನೊಬ್ಬಳು 'ಸಿ' ವಿಭಾಗ, ಇಬ್ಬರೂ ಏಳನೆಯ ತರಗತಿ. ಅವರ ವಿಜ್ಞಾನದ ನೋಟ್‌ಬುಕ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಸಸ್ಯಗಳು ಆಹಾರ ತಯಾರಿಸುವ ಬಗೆಯನ್ನು ವಿವರಿಸುವ ಉತ್ತರ ಎರಡರಲ್ಲೂ ಅಕ್ಷರಶಃ ಒಂದೇ, ಪೂರ್ಣವಿರಾಮಗಳೂ ಅವೇ ಜಾಗದಲ್ಲಿ. ಕ್ಲೋರೋಫಿಲ್ ಎಂಬುದರ ಇಂಗ್ಲಿಷ್ ಕಾಗುಣಿತದಲ್ಲಿ ಕೊನೆಯ ಅಕ್ಷರ ಎರಡರಲ್ಲೂ ಬಿಟ್ಟುಹೋಗಿತ್ತು. ಎರಡರ ಕೆಳಗೂ ಕೆಂಪು ಶಾಯಿಯಲ್ಲಿ ಸರಿ ಗುರುತು, ದಿನಾಂಕ, ಸಹಿ. ಅಕ್ಷರ ಮಾತ್ರ ಮುತ್ತು ಪೋಣಿಸಿದಂತಿತ್ತು, ಆ ಮನೆಯ ಹಿರಿಯರು ಹೆಮ್ಮೆಯಿಂದ ತೋರಿಸಿದ್ದೂ ಅದನ್ನೇ. ಗಿಡವನ್ನು ಕತ್ತಲೆ ಕೋಣೆಯಲ್ಲಿ ಒಂದು ವಾರ ಇಟ್ಟರೆ ಎಲೆ ಏನಾಗುತ್ತದೆ ಎಂದು ಹುಡುಗಿಯನ್ನು ಕೇಳಿದೆ. "ಅದನ್ನ ಬರೆಸಿಲ್ಲ ಅಂಕಲ್" ಎಂದಳು.

ಇನ್ನು ಶೇ 100 ಫಲಿತಾಂಶದ ವಿಚಾರ, ಪೋಷಕರ ಅಭಿಪ್ರಾಯವನ್ನು ಉಳಿದೆಲ್ಲಕ್ಕಿಂತ ಹೆಚ್ಚಾಗಿ ಕಟ್ಟುವುದು ಇದೇ. ಎಂಟನೆಯ ತರಗತಿಯವರೆಗೆ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಒಂಬತ್ತರಲ್ಲಿ ಆ ರಕ್ಷಣೆ ಇಲ್ಲ. ಓದಿನಲ್ಲಿ ಹಿಂದಿರುವ ಮಗುವಿನ ಪೋಷಕರನ್ನು ಒಂಬತ್ತರ ಕೊನೆಗೆ ಕರೆಸಿ, "ಇಲ್ಲಿ ಕಷ್ಟವಾಗುತ್ತದೆ, ಬೇರೆ ಕಡೆ ನೋಡಿಕೊಳ್ಳಿ" ಎಂದು ಮೆತ್ತಗೆ ಹೇಳಿ ಟಿ.ಸಿ. ಕೈಗಿಡುವುದು ಊರಿಗೆಲ್ಲ ಗೊತ್ತಿರುವ ಪದ್ಧತಿ. ಆದ್ದರಿಂದ ಹತ್ತರಲ್ಲಿ ಎಷ್ಟು ಮಂದಿ ತೇರ್ಗಡೆಯಾದರು ಎಂಬುದಕ್ಕಿಂತ, ಎಂಟರಲ್ಲಿದ್ದ ಎಷ್ಟು ಮಂದಿ ಹತ್ತರ ಪರೀಕ್ಷೆಗೆ ಅದೇ ಶಾಲೆಯಿಂದ ಕುಳಿತರು ಎಂದು ಕೇಳುವುದು ಉಪಯುಕ್ತ. ಮಕ್ಕಳಿಗೆ ಈ ಲೆಕ್ಕ ಬಾಯಲ್ಲೇ ಇರುತ್ತದೆ, ಏಕೆಂದರೆ ಹೋದವರು ಅವರ ಗೆಳೆಯರು. ಅಂಕಗಳ ವಿಷಯದಲ್ಲೂ ಸ್ವಲ್ಪ ಎಚ್ಚರ ಬೇಕು. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ 125 ಆಂತರಿಕ ಮೌಲ್ಯಮಾಪನದವು, ಅವನ್ನು ಕೊಡುವುದು ಶಾಲೆಯೇ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದ ವರ್ಷ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಒಂದೇ ವರ್ಷದಲ್ಲಿ ಶಿಕ್ಷಕರೂ ಮಕ್ಕಳೂ ಇಷ್ಟು ಬದಲಾಗುವುದಿಲ್ಲ. ಹಾಗಾಗಿ ಯಾವ ಶಾಲೆಯೇ ಆಗಲಿ, 2024ರ ಹಿಂದಿನ ಫಲಿತಾಂಶವನ್ನು ಫ್ಲೆಕ್ಸ್‌ನಲ್ಲಿ ಇಂದಿಗೂ ಮೆರೆಸುತ್ತಿದ್ದರೆ ಅದರ ನಂತರದ್ದನ್ನು ಕೇಳಿ ನೋಡಬಹುದು.

ಖಾಸಗಿ ಶಾಲೆಯಲ್ಲಿ ಓದಿದ ಮಗು ಹೆಚ್ಚು ಕಲಿಯುತ್ತದೆ ಎಂಬ ನಂಬಿಕೆಯನ್ನು ಪಕ್ಕದ ಆಂಧ್ರಪ್ರದೇಶದಲ್ಲಿ ಪರೀಕ್ಷೆಗೊಡ್ಡಿದ್ದಾರೆ. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಎಂಬ ಅರ್ಥಶಾಸ್ತ್ರಜ್ಞರ ಅಧ್ಯಯನದಲ್ಲಿ ಸರ್ಕಾರಿ ಶಾಲೆಯ ಮಕ್ಕಳಲ್ಲಿ ಕೆಲವರನ್ನು ಲಾಟರಿ ಮೂಲಕ ಆರಿಸಿ, ಶುಲ್ಕ ಭರಿಸಿ ಖಾಸಗಿ ಶಾಲೆಗೆ ಕಳುಹಿಸಲಾಯಿತು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನಾಲ್ಕು ವರ್ಷಗಳ ನಂತರವೂ ತೆಲುಗು ಮತ್ತು ಗಣಿತದಲ್ಲಿ ಅವರಿಗೂ ಸರ್ಕಾರಿ ಶಾಲೆಯಲ್ಲೇ ಉಳಿದವರಿಗೂ ವ್ಯತ್ಯಾಸ ಕಾಣಲಿಲ್ಲ. ಹಿಂದಿಯಲ್ಲಿ ಮಾತ್ರ ಎದ್ದುಕಾಣುವಂತೆ ಮುಂದಿದ್ದರು. ಖಾಸಗಿ ಶಾಲೆಗಳ ಪರವಾಗಿಯೂ ಇದರಲ್ಲಿ ಒಂದು ಮಾತಿದೆ: ಅವು ಪ್ರತಿ ಮಗುವಿಗೆ ಮಾಡುತ್ತಿದ್ದ ಖರ್ಚು ಸರ್ಕಾರಿ ಶಾಲೆಗಳದ್ದರ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಆ ಉಳಿತಾಯದ ಬಹುಭಾಗ ಬರುವುದು ಶಿಕ್ಷಕರಿಗೆ ಕಡಿಮೆ ಸಂಬಳ ಕೊಡುವುದರಿಂದ ಎಂಬುದನ್ನು ನೆನೆದರೆ, ಗಣಿತಕ್ಕೆ ಮೂವರು ಬಂದುಹೋದದ್ದೇಕೆ ಎಂಬುದಕ್ಕೂ ಉತ್ತರ ಸಿಕ್ಕಂತಾಗುತ್ತದೆ. ಅಲ್ಲಿ ಹಿಂದೆ ಪಾಠ ಮಾಡುತ್ತಿದ್ದವರೊಬ್ಬರು ವರ್ಷಕ್ಕೆ ಹತ್ತು ತಿಂಗಳ ಸಂಬಳ ಮಾತ್ರ ಬರುತ್ತಿತ್ತೆಂದೂ, ಏಪ್ರಿಲ್, ಮೇ ತಿಂಗಳಲ್ಲಿ ಪ್ರವೇಶಾತಿಗಾಗಿ ಮನೆಮನೆ ತಿರುಗುವ ಕೆಲಸವೂ ತಮ್ಮದೇ ಆಗಿತ್ತೆಂದೂ ಹೇಳಿದರು.

ಎಲ್ಲ ಪೋಷಕರ ನೋಟವೂ ಒಂದೇ ಅಲ್ಲ. ಆಟೊ ಓಡಿಸುವ ಒಬ್ಬರ ಮಗ 2018ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ ಶೇ 25 ಸೀಟಿನಲ್ಲಿ ಒಂದನೆಯ ತರಗತಿಗೆ ಸೇರಿದವನು. ಮರುವರ್ಷವೇ ರಾಜ್ಯದಲ್ಲಿ ನಿಯಮ ಬದಲಾಗಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಸಿಗದಂತಾಯಿತು. ಈಗ ಅವನು ಎಂಟರಲ್ಲಿದ್ದಾನೆ, ಕಾಯ್ದೆಯ ಉಚಿತ ಶಿಕ್ಷಣ ಇಲ್ಲಿಗೆ ಮುಗಿಯುತ್ತದೆ. ಶುಲ್ಕ ಕೊಡದೆ ಓದಿಸಿದ ಈ ತಂದೆಯೇ ನಾನು ಮಾತನಾಡಿಸಿದವರಲ್ಲಿ ಶಾಲೆಯನ್ನು ಅತ್ಯಂತ ಸ್ಪಷ್ಟವಾಗಿ ಅಳೆದವರು. ಇಂಗ್ಲಿಷ್ ಓದುತ್ತಾನೆ ಆದರೆ ಮಾತಾಡುವುದಿಲ್ಲ, ಲೆಕ್ಕ ಮನೆಯಲ್ಲಿ ಅಕ್ಕನೇ ಹೇಳಿಕೊಡಬೇಕು, ಹೊಡೆಯುವುದಿಲ್ಲ, ವಾರ್ಷಿಕೋತ್ಸವದಲ್ಲಿ ಇವನನ್ನು ಹಿಂದಿನ ಸಾಲಿಗೆ ನಿಲ್ಲಿಸುತ್ತಾರೆ ಎಂದು ಒಂದೊಂದಾಗಿ ಹೇಳಿದರು. ಒಂಬತ್ತಕ್ಕೆ ಇಲ್ಲೇ ಮುಂದುವರಿಸಬೇಕೋ, ಸರ್ಕಾರಿ ಪ್ರೌಢಶಾಲೆಗೆ ಕಳುಹಿಸಬೇಕೋ ಎಂಬುದನ್ನು ಇನ್ನೂ ನಿರ್ಧರಿಸಿಲ್ಲ. ಮಗನಿಗೆ ಇಲ್ಲೇ ಇರುವಾಸೆ, ಗೆಳೆಯರಿದ್ದಾರೆ.

ಸರ್ಕಾರಿ ಶಾಲೆಯ ಪೋಷಕರಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಎಂಬ ವೇದಿಕೆಯಿದೆ. ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಯ ಸದಸ್ಯರಲ್ಲಿ ಕನಿಷ್ಠ ನಾಲ್ಕನೆಯ ಮೂರು ಭಾಗ ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ. ಅನುದಾನರಹಿತ ಖಾಸಗಿ ಶಾಲೆಗಳನ್ನು ಅದೇ ಕಾಯ್ದೆ ಆ ಕಟ್ಟಳೆಯಿಂದ ಹೊರಗಿಟ್ಟಿದೆ. ಹಣ ಕಟ್ಟುವವರಿಗೆ ಮಾತನಾಡಲು ಜಾಗವಿಲ್ಲ, ಕಟ್ಟದವರಿಗೆ ಕಾನೂನಿನಲ್ಲಾದರೂ ಇದೆ ಎಂಬುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಖಾಸಗಿ ಶಾಲೆಯ ಪೋಷಕರ ಸಭೆಯೆಂದರೆ ಅಂಕಪಟ್ಟಿಗೆ ಸಹಿ ಹಾಕಿ, ಮಗುವಿನ ಮುಂದೆಯೇ ಮಗುವಿನ ದೂರು ಕೇಳಿಕೊಂಡು ಬರುವ ಹತ್ತು ನಿಮಿಷ. ಶಾಲೆಯ ಬಗೆಗಿನ ದೂರಿಗೆ ಅಲ್ಲಿ ಕುರ್ಚಿ ಹಾಕಿರುವುದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೂ ಮಗಳನ್ನು ಅಲ್ಲಿಗೇ ಸೇರಿಸುತ್ತಿದ್ದೇವೆ. ನಡೆದು ಹೋಗುವಷ್ಟು ಹತ್ತಿರ, ಹೊಡೆಯುವುದಿಲ್ಲ ಎಂಬ ಮಾತಿನಲ್ಲಿ ಪೋಷಕರೂ ಮಕ್ಕಳೂ ಒಂದಾಗಿದ್ದರು, ಕನ್ನಡದ ಆ ಶಿಕ್ಷಕಿ ಪ್ರೌಢಶಾಲೆಗೂ ಪಾಠ ಮಾಡುತ್ತಾರೆ. ಪ್ರವೇಶದ ಅರ್ಜಿ ಕೊಡುವಾಗ ಮುಖ್ಯೋಪಾಧ್ಯಾಯರಲ್ಲಿ, ಗಣಿತಕ್ಕೆ ಮುಂದಿನ ವರ್ಷ ಯಾರು, ಶೌಚಾಲಯವನ್ನು ಬಿಡುವಿನ ಹೊರತಾಗಿಯೂ ತೆರೆದಿಡಬಹುದೇ ಎಂದು ಕೇಳಿದೆ. ಗಣಿತದ ಬಗ್ಗೆ "ಜೂನ್‌ನಲ್ಲಿ ನೋಡೋಣ" ಎಂದರು. ಶೌಚಾಲಯದ ಬೀಗದ ಬಗ್ಗೆ ತಮಗೆ ಗೊತ್ತೇ ಇರಲಿಲ್ಲವೆಂದು ಹೇಳಿ, ಆಯಾ ಅವರನ್ನು ಅಲ್ಲಿಯೇ ಕರೆಸಿ ವಿಚಾರಿಸಿದರು. ನೀರು ಸಾಲದೆ ಹಾಗೆ ಮಾಡುತ್ತಿರುವುದಾಗಿ ಆಕೆ ಹೇಳಿದರು. ಬೇಸಿಗೆ ರಜೆಯಲ್ಲಿ ಇನ್ನೊಂದು ಟ್ಯಾಂಕ್ ಇಡಿಸುವುದಾಗಿ ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ.